ಐದನೆಯ ದಿನ

ಕಿಲೋಮೀಟರ್ ಕೇಳಬೇಡಿ, ಅದು ಜೀಪಿನ ಲೆಕ್ಕ.
ಜೀಪು ಈ ಊರಿಗೇ ಮುಗಿಯುತ್ತದೆ.
ಕೂತುಕೊಳ್ಳಿ. ಚಹಾಕ್ಕೆ ಉಪ್ಪು ಹಾಕಿದ್ದೇನೆ, ಹಾಲು, ಚೂರು ಬೆಣ್ಣೆ;
ರೊಟ್ಟಿ ಮುರಿದು ಅದರೊಳಗೇ ನೆನೆಸಿಕೊಳ್ಳಿ.
ನಮ್ಮ ಬರ್ತಂಗ್ ಕಣಿವೆಯಲ್ಲಿ ದಾರಿ ಹೇಳುವುದು
ಹೊಟ್ಟೆ ತುಂಬಿದವರಿಗೆ ಮಾತ್ರ.

ಮಗನ ಗಣಿತದ ನೋಟ್‌ಬುಕ್ಕಿನಿಂದ ಹರಿದ ಹಾಳೆ,
ಚೌಕುಳಿಯದು, ನದಿಯನ್ನು ಹಿಡಿದಿಡಲು ಅನುಕೂಲ.
ಇಗೋ, ಈ ಎಣ್ಣೆಯ ಕಲೆಯೇ ನಾವು ಅಂದುಕೊಳ್ಳಿ.

ಮೊದಲ ದಿನ ಸುಲಭ.
ಬಿಸಿಲು ಎದುರು ದಂಡೆಗೆ ದಾಟುವ ಮುಂಚೆ ಶಿರ್ಗೀನ್.
ಮೂರನೇ ಮನೆ, ನೀಲಿ ಬಾಗಿಲು, ಖುಷ್ಕದಮ್.
ಒಳ್ಳೆಯ ಕಾಲ್ಗುಣದವನು ಅಂತ ಆ ಹೆಸರಿಗೆ ಅರ್ಥ.
ಇರುವುದು ಒಂದೇ ಕಾಲು, ಇನ್ನೊಂದನ್ನು ಗುಡ್ಡ ತಿಂದಿತು.
ತಮಾಷೆ ಅವನೇ ಮಾಡುತ್ತಾನೆ. ನೀವು ಮಾಡಬೇಡಿ.

ಎರಡನೇ ದಿನ ನಿದ್ದೆಗಣ್ಣಲ್ಲೇ ಹೊರಡಿ.
ಹಿಮ ಕರಗಿ ಬರುವ ಹೊಳೆ ಅದು:
ಬೆಳಿಗ್ಗೆ ಮೊಣಕಾಲು, ಮಧ್ಯಾಹ್ನ ಸೊಂಟ,
ಸಂಜೆ ಹೆಣ.

ಮೂರನೆಯದು ಸದ್‌ಬರ್ಗಳ ಮನೆ. ಹಾಸಿಗೆ ನಾಲ್ಕು, ಮಕ್ಕಳು ಏಳು,
ರಾತ್ರಿ ಯಾರ ಕಾಲು ಯಾರದೋ.
ಅಲ್ಲೇ ಒಂದು ಕತ್ತೆ ಬಾಡಿಗೆಗೆ ಹಿಡಿಯಿರಿ.
ಜೀಪಿನಿಂದ ಇಳಿಯುವಾಗಲೇ ನೋಡಿದೆ, ನಿಮ್ಮ ಎಡ ಮಂಡಿ
ಬೆಟ್ಟವನ್ನು ಇನ್ನೂ ಒಪ್ಪಿಲ್ಲ.
ಬಾಡಿಗೆ ಮೊದಲೇ ಮಾತಾಡಿಕೊಳ್ಳಿ. ಸೇತುವೆಯ ನಡುವೆ ಚೌಕಾಸಿ ಬೇಡ,
ಕತ್ತೆಗೆ ಅರ್ಥವಾಗುತ್ತದೆ.

ನಾಲ್ಕನೇ ರಾತ್ರಿ ಮೇಲಿನ ಹುಲ್ಲುಗಾವಲು, ಆಡು ಕಾಯುವ ಹೆಂಗಸರ ಕಲ್ಲುಗೂಡು.
ಮೊಸರಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ.
ಸೂಜಿ ಒಯ್ಯಿರಿ, ದಪ್ಪ ಕಣ್ಣಿನ ಸೂಜಿ.

ಐದನೇ ದಿನ ಉದ್ದ. ಕಣಿವೆ ಹತ್ತಿ, ಇಳಿದು,
ಹದಿನಾಲ್ಕು ಗಂಟೆ. ನಡುವೆ ಏನೂ ಇಲ್ಲ.

ಏನು? ನಿಮ್ಮ ಅಚ್ಚಿನ ನಕ್ಷೆಯಲ್ಲಿ ಚುಕ್ಕೆ ಇದೆಯೇ?
ಹಳೇ ನಕ್ಷೆ. ರಷ್ಯದವರ ಕಾಲದ್ದು.
ಆ ಊರು ಈಗಿಲ್ಲ.

ಚಹಾ ಆರಿತು, ಕೊಡಿ, ಬಿಸಿ ಮಾಡುತ್ತೇನೆ.

ಇದೆ.
ಎರಡು ಮನೆ. ಒಂದರ ಚಾವಣಿ ಕುಸಿದಿದೆ,
ಇನ್ನೊಂದರಲ್ಲಿ ನನ್ನ ತಂಗಿ, ನಿಸೋರ್ಮೋ.
ಹನ್ನೊಂದು ವರ್ಷದ ಹಿಂದೆ ಆ ಕಡೆಯಿಂದ ಐವರು ಬರುವವರಿದ್ದರು,
ಅವರಿಗೆಂದು ಕುರಿ ಕಡಿದು ಕಾದಿದ್ದೆ.
ದಾರಿಯಲ್ಲೇ ತಡೆದು ಮೂರು ದಿನ ಇಟ್ಟುಕೊಂಡಳು,
ಹಾಡು ಹೇಳಿ, ಜರ್ದಾಲು ಕೊಟ್ಟು, ಇನ್ನೊಂದು ದಾರಿ ತೋರಿಸಿದಳು.
ಕುರಿಯನ್ನು ನಾವೇ ತಿಂದೆವು. ಎಷ್ಟು ತಿಂದರೂ ಮುಗಿಯಲೊಲ್ಲದು.
ಅವತ್ತಿನಿಂದ ಐದನೇ ದಿನ
ಇಷ್ಟು ಉದ್ದವಾಯಿತು.

ಹೋದ ಸೆಪ್ಟೆಂಬರಿನಲ್ಲಿ ಒಬ್ಬ ಹುಡುಗನನ್ನು ಕಳಿಸಿದೆ,
ಇದೇ ಹಾಳೆ, ಇದೇ ಮಾತು.
ನಡುರಾತ್ರಿ ಕೆಳಗಿನ ಊರು ಮುಟ್ಟಿದನಂತೆ, ಬೆರಳು ನೀಲಿಗಟ್ಟಿ.
ಅಲ್ಲಿಯವರು ಹೇಳಿ ಕಳಿಸಿದರು, ಅವನಂದದ್ದು:
ದಾರಿಯಲ್ಲಿ ಒಂದು ದೀಪ ಕಂಡಿತು,
ಊರಿಲ್ಲ ಅಂದಿದ್ದಳಲ್ಲ ಆ ತಾಯಿ,
ನಕ್ಷತ್ರ ಇರಬೇಕು ಅಂದುಕೊಂಡೆ.

ಪೆನ್ಸಿಲ್ ಎಲ್ಲಿ?
ಇಲ್ಲಿ. ದೊಡ್ಡ ಬಂಡೆ ದಾಟಿದ ಮೇಲೆ ಬಲಕ್ಕೆ, ನೀರು ಬಳಸಿ ಹೋಗುವ ಕಡೆ.
ಐದು ಮುರಿದು ಐದು, ಆರು ಮಾಡಿದ್ದೇನೆ,
ಒಂದು ರೊಟ್ಟಿ ಹೆಚ್ಚಿಗೆ ಕಟ್ಟುತ್ತೇನೆ.

ಯಾರು ಕಳಿಸಿದರು ಅಂತ ಅವಳು ಕೇಳುವುದಿಲ್ಲ.
ಈ ಹಾಳೆಯನ್ನು ಅವಳ ಕಣ್ಣಿಗೆ ಬೀಳುವಂತೆ ಇಡಿ, ಸಾಕು.
ನನ್ನ ಐದು ಹೊಟ್ಟೆ ಹಿಂದು ಮುಂದಾದ ಐದು,
ಅವಳದೂ ಹಾಗೇ; ಒಂದೇ ಬೆಂಚಿನಲ್ಲಿ ಕೂತು ತಪ್ಪು ಕಲಿತವರು ನಾವು.

ಹಾಸಿಗೆ ಗಟ್ಟಿ ಇರುತ್ತದೆ. ಸಾರಿಗೆ ಖಾರ ಮುಂದು.
ಬೈದಾಳು. ನಿಮ್ಮನ್ನಲ್ಲ, ನಿಮಗೆ ಕೇಳಿಸುವ ಹಾಗೆ ನನ್ನನ್ನು.
ಬೈದರೆ, ಕೆಳಗಿನ ಊರಿಂದ ಸುತ್ತಿ ಬರುವ ಲಾರಿಯ ಅಜರ್‌ಶೋ ಇದ್ದಾನಲ್ಲ,
ಅವನ ಬಾಯಲ್ಲಿ ಹೇಳಿ ಕಳಿಸಿ,
ಏನೇನಂದಳು ಅಂತ.
ಒಂದಕ್ಷರ ಬಿಡಬೇಡಿ.