ಕಿವಿ ಎಲ್ಲಿಡುವುದು

ವಾದಿ ಕಬೀರಿನ ಗ್ಯಾರೇಜಿನಲ್ಲಿ ಹಮ್ಮಬ್ಬಾಕ
ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ,
ಹಿಡಿ ಕಿವಿಗೆ ಒತ್ತಿ
ಕಣ್ಣು ಮುಚ್ಚುತ್ತಾರೆ.
“ಮೂರನೆಯದು ಕೆಮ್ಮುತ್ತಿದೆ ಮಾರಾಯ.”

ತೊಂಬತ್ತೆಂಟರ ಪ್ಯಾಟ್ರೋಲ್.
ಬಿದಿಯಾದ ಮರಳು ಇನ್ನೂ ಸೀಟಿನ ಹೊಲಿಗೆಯಲ್ಲಿದೆ.
ದಿಬ್ಬದ ನೆತ್ತಿಗೆ ಎರಡನೇ ಗೇರಿನಲ್ಲಿ
ಅದು ಹಾಕುವ ಕೂಗು
ಹೆಂಡತಿಗೆ ತಲೆನೋವು,
ನನಗೆ... ಹೇಳಲು ನಾಚಿಕೆ.

ಇವತ್ತು ಶೋರೂಮಿನಿಂದ ಒಂದು ದಿನದ ಮಟ್ಟಿಗೆ
ಬ್ಯಾಟರಿಯದ್ದು ತಂದಿದ್ದೇನೆ, ಬಿಳಿ.
ಸೀಬಿನಿಂದ ಇಲ್ಲಿಯವರೆಗೆ
ಟಯರಿನ ಸದ್ದು, ನನ್ನ ಉಸಿರು, ಅಷ್ಟೆ.
ಪೆಡಲು ಮುಟ್ಟಿದರೆ ಹೊಟ್ಟೆ ಹಿಂದೆಯೇ ಉಳಿಯುತ್ತದೆ
(ಇದನ್ನು ಮೂಲೆಯ ಪ್ಯಾಟ್ರೋಲಿಗೆ ಕೇಳಿಸದಂತೆ ಹೇಳಿದೆ).
ಹೈಮಾದ ದಾರಿಯಲ್ಲಿ ಚಾರ್ಜು ಮುಗಿದರೆ?
ಜುಲೈ ಬಿಸಿಲಿಗೆ ಬ್ಯಾಟರಿ ಬಸವಳಿದರೆ?
ಪಟ್ಟಿ ಮಾಡಿಕೊಂಡಿದ್ದೆ. ಒಂದನ್ನೂ ಕೇಳಲಿಲ್ಲ.

ಹಮ್ಮಬ್ಬಾಕ ಒಂದು ಸುತ್ತು ಬಂದರು,
ಬಾನೆಟ್ ಎತ್ತಿದರು:
ಚೀಲ ಇಡಲೊಂದು ಖಾಲಿ ಗುಂಡಿ.
ಸ್ಕ್ರೂಡ್ರೈವರ್ ಹಿಡಿದೇ ನಿಂತರು,
ಮದುವೆಗೆ ಮಾರನೇ ದಿನ ಬಂದವರ ಹಾಗೆ.

“ಸ್ಟಾರ್ಟ್ ಮಾಡು.”
“ಆಗಿದೆ.”

ಸ್ವಲ್ಪ ಹೊತ್ತು.
ಎಣ್ಣೆಗಪ್ಪಿನ ಕೈ ಪ್ಯಾಂಟಿಗೊರಸಿ
ಅಂಗೈಯನ್ನು ಅದರ ಮೈಮೇಲಿಟ್ಟರು,
ಮಗುವಿನ ಜ್ವರ ನೋಡುವಂತೆ.
ತಲೆ ವಾಲಿಸಿ ಮತ್ತೆ ಕಣ್ಣು ಮುಚ್ಚಿದರು.

“ಏಸಿ ಫ್ಯಾನು ತಿರುಗುತ್ತಿದೆ,” ಎಂದರು,
“ಅದರ ಬೇರಿಂಗು ಒಳ್ಳೆಯದುಂಟು.”