ಹೆಪ್ಪು

ನಮ್ಮಲ್ಲಿ ಹೊಸ ವರ್ಷ ಬರುವುದು ಬೇಸಿಗೆಯಲ್ಲಿ.
ಓಪುನಕೆಯ ಕಪ್ಪು ಮರಳು ಅಂಗಾಲು ಸುಡುವಾಗ,
ಪೊಹುಟುಕಾವಾ ಮರ ಕಾರಿನ ಮೇಲೆಲ್ಲ
ಕೆಂಪು ಕೇಸರ ಉದುರಿಸುವಾಗ.
ಆ ರಾತ್ರಿ ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿದೆ:
ಒಂದು, ಚಹಾಕ್ಕೆ ಸಕ್ಕರೆ ಬೇಡ.
ಎರಡು, ಥೆಲ್ಮಾಗೆ ಫೋನು, ತಪ್ಪು ಅವಳದೇ ಆದರೂ.
ಮೂರು, ಪಕ್ಷದ ಲೆಕ್ಕ ಮಾರ್ಚಿಯೊಳಗೆ.

ಪಕ್ಷವೆಂದರೆ ಏನು ಮಹಾ, ಊರಲ್ಲಿ ಹದಿನಾಲ್ಕು ಮಂದಿ,
ಬೌಲ್ಸ್ ಕ್ಲಬ್ಬಿನ ಹಿಂದಿನ ಕೋಣೆ,
ಒಂದು ಬಿಸ್ಕತ್ತಿನ ಡಬ್ಬಿ. ಅದೇ ಖಜಾನೆ, ಖಜಾಂಚಿ ನಾನು.
ಹೋಹೆಪಾ ಕುರಿ ಕತ್ತರಿಸುವ ಕೊಟ್ಟಿಗೆಯಲ್ಲಿ
ತನ್ನ ದವಡೆ ಹಲ್ಲನ್ನು ತಾನೇ ಇಕ್ಕಳದಲ್ಲಿ ಕಿತ್ತ ವರ್ಷ
ಶುರುವಾದದ್ದು.
ಬೇಡಿಕೆ ಒಂದೇ: ತಿಂಗಳಿಗೊಮ್ಮೆ ಹಲ್ಲಿನ ಡಾಕ್ಟರು
ವ್ಯಾನಿನಲ್ಲಿ ಬರಲಿ, ಅರವತ್ತು ದಾಟಿದವರಿಗೆ
ಬಿಲ್ಲು ಕೊಡದೆ ಹೋಗಲಿ.
ಪತ್ರಿಕೆಯವರು ಬರೆದರು: ಹಲ್ಲಿನ ಪಕ್ಷ. ಮರುವಾರ: ಹಲ್ಲಿಲ್ಲದ ಪಕ್ಷ.
ದೊಡ್ಡವರು ನಕ್ಕರು.
ನಾವೂ ನಕ್ಕೆವು, ಇದ್ದಷ್ಟು ತೋರಿಸಿ.

ಒಂಬತ್ತನೆಯ ದಿನ ನಾನು ಸೋತೆ.
ಮಧ್ಯಾಹ್ನ ಮೂರು ಗಂಟೆ, ಯಾರೂ ಇರಲಿಲ್ಲ,
ಎರಡು ಚಮಚ, ತಲೆತುಂಬಿದ್ದು.
ನನ್ನೊಳಗೆ ಬಹುಮತ ನಾಲಿಗೆಯದು,
ಅರವತ್ತೇಳು ವರ್ಷದ ಹಳೆಯ ಸರ್ಕಾರ.
ಚೀಟಿ ಕೀಳಲಿಲ್ಲ. ಛಲದಿಂದಲ್ಲ,
ಕಿತ್ತರೆ ಗೋಂದು ಉಳಿಯುತ್ತದೆ ಎಂದು.

ವಸಂತದಲ್ಲಿ ಚುನಾವಣೆ.
ನೂರಕ್ಕೆ ಐದು ಬಂದರೆ ಒಳಗೆ ಕುರ್ಚಿ.
ನಮಗೆ ಬಂದದ್ದು ಸೊನ್ನೆ,
ಸೊನ್ನೆಯ ಮುಂದೆ ಚುಕ್ಕೆ, ಚುಕ್ಕೆಯ ಮುಂದೆ ಮೂರು.
ಹೋಹೆಪಾ ಬಿಯರಿನ ಬಾಟಲಿಗಳನ್ನು ಸುಮ್ಮನೆ ಸಾಲಾಗಿ ಜೋಡಿಸಿದ.
ಆದರೆ ನಮ್ಮ ಸೀಮೆಯಲ್ಲಿ ದೊಡ್ಡವರು ಗೆದ್ದದ್ದು
ನಾನೂರ ಹನ್ನೆರಡು ಮತಗಳಿಂದ;
ನಮಗೆ ಬಿದ್ದದ್ದು ಆರುನೂರ ಏಳು.
ಕೂಡಿಸುವುದು ಕಳೆಯುವುದು ಅವರಿಗೂ ಬರುತ್ತದೆ.

ಫೆಬ್ರವರಿಯಲ್ಲಿ ಸರ್ಕಾರದ ಹೊಸ ಕಡತ,
ಹನ್ನೊಂದನೆಯ ಪುಟ, ಕೆಳಗಿನಿಂದ ಎರಡನೆಯ ಸಾಲು:
ಹಲ್ಲಿನ ವ್ಯಾನು. ತಿಂಗಳಿಗೊಮ್ಮೆ. ಅರವತ್ತು ದಾಟಿದವರಿಗೆ.
ನಮ್ಮದೇ ಮಾತು, ನಾನೇ ಬೆರಳಚ್ಚು ಮಾಡಿದ್ದು,
ಅಲ್ಪವಿರಾಮ ಮಾತ್ರ ಅವರದು.
ಕ್ಲಾರಿ ಚೀಸ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ದುಡಿದವನು.
ಹೆಪ್ಪು ಹಾಕಿದ ಮೇಲೆ, ಅಂದ,
ಹಂಡೆಯೊಳಗೆ ಕೈಬಿಟ್ಟು ಹೆಪ್ಪು ಹುಡುಕಬಾರದು, ನೋಲೀನ್.
ನನಗೆ ರೇಗಿತು.
ಹೆಪ್ಪು ಕೊಟ್ಟ ಮನೆಯ ಹೆಸರಾದರೂ ಹೇಳಬೇಡವೆ?

ಏಪ್ರಿಲಿನ ಮಂಗಳವಾರ ವ್ಯಾನು ಬಂತು.
ಮಂತ್ರಿಗಳು ರಿಬ್ಬನ್ ಕತ್ತರಿಸಿದರು,
ಯಾರ್ಯಾರನ್ನೋ ನೆನೆದರು.
ಸರದಿಯಲ್ಲಿ ಮೊದಲು ಹೋಹೆಪಾ, ಇಸ್ತ್ರಿ ಮಾಡಿದ ಅಂಗಿ ತೊಟ್ಟು.
ನನ್ನ ಸರದಿ ಬಂದಾಗ ಲೋಸಲೀನಾ ಎಂಬ ಹುಡುಗಿ,
ಟೊಂಗಾದವಳು, ಕನ್ನಡಿ ಒಳಗಿಟ್ಟು ಕೇಳಿದಳು:
ಸಕ್ಕರೆ?
ಬಾಯಿ ತೆರೆದಿಟ್ಟವಳು ಸುಳ್ಳು ಹೇಗೆ ಹೇಳಲಿ.
ಎರಡು ಬೆರಳು ತೋರಿಸಿದೆ.

ಮನೆಗೆ ಬಂದರೆ ಕ್ಲಾರಿ ಚಹಾ ಸೋಸುತ್ತಿದ್ದ.
ನನ್ನ ಕಪ್ಪಿಗೆ ಎರಡು ಚಮಚ ಹಾಕಿದ, ತನ್ನದಕ್ಕೆ ಇಲ್ಲ.
ಮದುವೆಯಾದಂದಿನಿಂದ ಮೂರು ಹಾಕಿಕೊಂಡವನು.
ಯಾವಾಗಿನಿಂದ, ಎಂದೆ.
ನೀನು ಚೀಟಿ ಅಂಟಿಸಿದ ದಿನದಿಂದ, ಎಂದ,
ಫ್ರಿಜ್ಜು ಇಬ್ಬರದ್ದೂ ಅಲ್ಲವೆ?

ಚೀಟಿಯ ಅಂಚು ಸುರುಳಿ ಸುತ್ತಿತ್ತು.
ಬೆರಳಲ್ಲಿ ಒತ್ತಿ ಹಿಡಿದು ಎರಡನೆಯ ಸಾಲು ಓದಿದೆ.
ಎಡಗೆನ್ನೆ ಇನ್ನೂ ಮರಗಟ್ಟಿತ್ತು, ನಾಲಿಗೆ ಯಾರದೋ.
ಆರು ಸಲ ರಿಂಗಾಯಿತು.
ಥೆಲ್ಮಾ, ನಾನು, ಎಂದೆ. ಅದು ಹಾಗೆ ಕೇಳಿಸಲಿಲ್ಲ.
ಕುಡಿದಿದ್ದೀಯೇನೇ, ಎಂದಳು ಅವಳು.
ಇಲ್ಲ ಕಣೇ, ಎಂದೆ,
ಹಲ್ಲು.