ಹನ್ನೊಂದಕ್ಕೇ ಹನ್ನೆರಡು

ನಮ್ಮ ಬ್ರನೋದಲ್ಲಿ ಹನ್ನೊಂದಕ್ಕೇ ಹನ್ನೆರಡು.
ಗುಡ್ಡದ ಮೇಲಿನ ಇಗರ್ಜಿಯ ಗಂಟೆ
ದಿನಾ ಒಂದು ತಾಸು ಮೊದಲೇ ಮಧ್ಯಾಹ್ನ ಸಾರುತ್ತದೆ.
ಹಿಂದೆ ಸ್ವೀಡನ್ನಿನ ದಂಡು ಮುತ್ತಿಗೆ ಹಾಕಿತ್ತಂತೆ,
'ಮಧ್ಯಾಹ್ನದೊಳಗೆ ಊರು ಬೀಳದಿದ್ದರೆ ಗಂಟುಮೂಟೆ ಕಟ್ಟುತ್ತೇನೆ'
ಅಂದಿದ್ದನಂತೆ ಸೇನಾಪತಿ.
ಯಾರೋ ಗೋಪುರ ಹತ್ತಿ ಹಗ್ಗ ಜಗ್ಗಿದರು.
ಮಾತಿನ ಮನುಷ್ಯ. ಹೊರಟೇಹೋದ.

ನಾನು ಮಾಡುವುದೂ ಹೆಚ್ಚುಕಮ್ಮಿ ಅದನ್ನೇ.

ದಿನಾ ರಾತ್ರಿ ಒಂದು ಕಂಪ್ಯೂಟರ್ ಹುಟ್ಟಿಸುತ್ತೇನೆ
ಇನ್ನೊಂದರ ಹೊಟ್ಟೆಯೊಳಗೆ.
ಮೈಯಿಲ್ಲ, ಕೀಲಿಮಣೆಯಿಲ್ಲ; ಬರೀ ಲಿನಕ್ಸು, ಒಂದು ಪರದೆ.
ಅದಕ್ಕೊಂದು ಪೊಟ್ಟಣ ಉಣಿಸುತ್ತೇನೆ,
ಒಳಗೇನೂ ಇಲ್ಲ; ಹೆಸರುಂಟು, ಆವೃತ್ತಿ ಒಂದು.
ಉಗ್ರಾಣದಲ್ಲಿ ಆವೃತ್ತಿ ಎರಡು ಕಾದಿರುತ್ತದೆ,
ಅದರೊಳಗೂ ಏನಿಲ್ಲ.
ಇಲ್ಲದ್ದರಿಂದ ಇಲ್ಲದ್ದಕ್ಕೆ ಬಡ್ತಿ.
ಆಮೇಲೆ ಗಡಿಯಾರದ ಕಿವಿ ಹಿಂಡಿ
'ಏಳು, ನಾಳೆಯಾಯಿತು' ಅನ್ನುತ್ತೇನೆ.
ಪಾಪ, ನಂಬುತ್ತದೆ.
ಪರದೆಯ ನೆತ್ತಿಯಿಂದ ಒಂದು ಪಟ್ಟಿ ಇಳಿಯಬೇಕು:
ಹೊಸತು ಬಂದಿದೆ, ಹಾಕಿಕೊಳ್ಳುವಿರಾ?
ಇಳಿದರೆ ಹಸಿರು, ಇಳಿಯದಿದ್ದರೆ ಕೆಂಪು.
ಯಾವುದಾದರೂ ಸರಿ, ನಲವತ್ತನೆಯ ನಿಮಿಷಕ್ಕೆ
ಅದರ ಆಯುಸ್ಸು ತೀರಿತು.

ಇದು ಸುಲಭದ್ದು.

ಇನ್ನೊಂದು ಜಾತಿಯುಂಟು: ಡಿಸ್ಕಿನಿಂದ ನೇರ ಎದ್ದು ಓಡುವಂಥದ್ದು,
ಎಲ್ಲೂ ನೆಲೆಯೂರದೆ, ಆರಿಸಿದೊಡನೆ ಎಲ್ಲ ಮರೆಯುವಂಥದ್ದು.
ಅದರೆದುರು ಹೊಸತಿನ ಮಾತೆತ್ತಿ ಏನು ಫಲ?
ಅಲ್ಲಿ ಪಟ್ಟಿ ಬರಕೂಡದು.
ಬರಲಿಲ್ಲ ಅನ್ನುವುದಕ್ಕೆ ರುಜುವಾತು ಎಲ್ಲಿಂದ ತರಲಿ?
ಎಷ್ಟು ಹೊತ್ತು ಬರದಿದ್ದರೆ, ಬರಲಿಲ್ಲ?

ದ್ರಾಹೊಮೀರಾಳನ್ನು ಕೇಳಿದೆ.
ಫ್ಲಾಪಿಗಳ ಕಾಲದಿಂದ ಇದೇ ಕೋಣೆಯಲ್ಲಿರುವವಳು.
ಬನ್ನಿಗೆ ಬೆಣ್ಣೆ ಸವರುತ್ತ, ತಲೆಯೆತ್ತದೆ,
'ಇಪ್ಪತ್ತು ನಿಮಿಷ ಹಾಕು' ಅಂದಳು.
'ಇಪ್ಪತ್ತೊಂದನೆಯದರಲ್ಲಿ ಬಂದುಬಿಟ್ಟರೆ?'
'ಎಲ್ಲಾದರೂ ಒಂದು ಕಡೆ ಕುರ್ಚಿಯಿಂದ ಏಳಬೇಕಲ್ಲ, ಒತಾಕರ್.'

ಇಪ್ಪತ್ತು ನಿಮಿಷ ಹಾಕಿದೆ.
ಒಂದು ಚಳಿಗಾಲವಿಡೀ ಹಸಿರು,
ರಾತ್ರಿರಾತ್ರಿ ಯಾರೂ ಬಾಗಿಲು ತಟ್ಟದ ಹಸಿರು.

ಮಾರ್ಚಿನ ಕೊನೆಯ ಶನಿವಾರ ರಾತ್ರಿ
ಪಟ್ಟಿ ಇಳಿಯಬೇಕಾದಲ್ಲೆಲ್ಲ ಕೆಂಪು.
ಸೋಮವಾರ ಟ್ರ್ಯಾಮಿನಲ್ಲಿ ನಿಂತೇ ದಾಖಲೆ ಓದಿದೆ:
ಯಂತ್ರವನ್ನು ನಾನು ನಾಳೆಯ ಎರಡೂವರೆಗೆ ಅಟ್ಟಿದ್ದೆ.
ಬೇಸಿಗೆಯ ವೇಳೆ ಶುರುವಾದ ಆ ರಾತ್ರಿ
ಎರಡು ಹಾರಿ ಮೂರಾಗಿತ್ತು;
ಎರಡೂವರೆ ಅನ್ನುವುದೇ ಇರಲಿಲ್ಲ.
ಇಲ್ಲದ ಗಳಿಗೆಗೆ ಹೋಗಲಾರೆ ಎಂದು
ಗಡಿಯಾರ ಕಡ್ಡಿ ಮುರಿದು ಹೇಳಿತ್ತು.
ಅಷ್ಟು ದಿನ ಕಂಡ ಸುಳ್ಳನ್ನೆಲ್ಲ ನುಂಗಿದ್ದು
ಅವತ್ತು ಒಂದಕ್ಕೆ ಕೆಮ್ಮಿತು.

ಅದಲ್ಲ ನನ್ನನ್ನು ಇಳಿಯಬೇಕಾದ ನಿಲ್ದಾಣ ದಾಟಿಸಿದ್ದು.
ಅದೇ ರಾತ್ರಿ, ಬರಕೂಡದ ಕಡೆ, ಹಸಿರು.
ಹೌದಲ್ಲ, ಕಾಲವೇ ಕದಲದ ಮನೆಗೆ
ಯಾರು ಬಂದಾರು ಬಾಗಿಲು ತಟ್ಟಲು?
ನಾನು ಎಣಿಸಿದ್ದು ಮೌನವಲ್ಲ, ಕಿವುಡು.
ಚಳಿಗಾಲದ ಆ ಹಸಿರುಗಳಲ್ಲಿ ಎಷ್ಟು ಇಂಥವೋ,
ಕೇಳೋಣವೆಂದರೆ ಯಂತ್ರಗಳು ಉಳಿದಿಲ್ಲ.

ಒಂದು ಸಾಲು ಸೇರಿಸಿದೆ.
ಕಾಯಲು ಕೂರುವ ಮುನ್ನ ಈಗ ಕೇಳುತ್ತೇನೆ:
ಇವತ್ತು ಯಾವ ದಿನ?
'ನಾಳೆ' ಎಂದು ಅದರ ಬಾಯಲ್ಲೇ ಬಂದರೆ
ಆಮೇಲೆ ಇಪ್ಪತ್ತು ನಿಮಿಷ.

ಗುಡ್ಡದ ಮೇಲೆ ಗಂಟೆ ಹನ್ನೆರಡು ಹೊಡೆಯಿತು.
ದ್ರಾಹೊಮೀರಾ ಡಬ್ಬಿಯ ಮುಚ್ಚಳ ತೆಗೆದಳು.
'ಇನ್ನೂ ಹನ್ನೊಂದು' ಅಂದೆ.
'ಗೊತ್ತು' ಅಂದಳು,
'ಹೊಟ್ಟೆಗೆ ಹೇಳಬೇಡ.'